ಹಬ್ಬದ ಮೇಜಿನ ಲೋಟ ಮತ್ತು 'ನನ್ನ ಅಭಿಪ್ರಾಯ'



ಡಿಸೆಂಬರ್ ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಹಬ್ಬಗಳ ಸಾಲು ಆರಂಭವಾಗುತ್ತದೆ. ಕ್ರಿಸ್ಮಸ್, ಹೊಸ ವರ್ಷ, ಪಾಲಕ ಸಂತರ ವಾರ್ಷಿಕ ಹಬ್ಬ, ತೇರು, ತಪಸ್ಸುಕಾಲಕ್ಕೆ ಮೊದಲು ಮುಗಿಸಬೇಕಾದ ಮದುವೆಗಳು. ಬಲಿಪೂಜೆ ಮುಗಿದ ಮೇಲೆ ಮನೆಮನೆಗಳಲ್ಲಿ ಊಟ. ಗುರುಗಳಾದ ನಮ್ಮನ್ನೂ ಪ್ರೀತಿಯಿಂದ ಕರೆಯುತ್ತೀರಿ, ನಾವೂ ಸಂತೋಷದಿಂದ ಬರುತ್ತೇವೆ. ಅಂತಹ ಒಂದು ಊಟದ ವಿಷಯವನ್ನೇ ಇಲ್ಲಿ ಮೊದಲು ಹೇಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ, ನಾವು ಸೇವೆ ಸಲ್ಲಿಸುತ್ತಿದ್ದ ಒಂದು ಧರ್ಮಕೇಂದ್ರದಲ್ಲಿ ವಾರ್ಷಿಕ ಹಬ್ಬದ ದಿನ. ಊಟದ ಮೇಜಿನಲ್ಲಿ ನಮ್ಮ ಎದುರಿಗೆ ಕುಳಿತಿದ್ದವರು ಕುಡಿತ ಬಿಟ್ಟು ಏಳು ತಿಂಗಳಾಗಿದ್ದ ಒಬ್ಬ ಸಹೋದರರು. ಆ ವಿಷಯ ನಮಗೆ ಗೊತ್ತಿತ್ತು. ಮನೆಯವರೊಬ್ಬರು ಲೋಟ ತುಂಬಿಸಿ ಅವರ ಮುಂದೆ ಇಟ್ಟರು. ಅವರು ಬೇಡವೆಂದು ಕೈ ಅಡ್ಡ ಹಿಡಿದರು. "ಹಬ್ಬ ಅಲ್ವೇನೋ, ಒಂದು ದಿನಕ್ಕೆ ಏನಾಗುತ್ತೆ? ಕಾನಾ ಮದುವೆಯಲ್ಲಿ ಸ್ವಾಮಿಯವರೇ ಮಾಡಿ ಕೊಟ್ಟಿದ್ದಾರೆ, ಏನಂತೀರಿ ಫಾದರ್?" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಆ ಸಹೋದರರು ಒಮ್ಮೆ ನಮ್ಮ ಮುಖ ನೋಡಿದರು. ನಂತರ ಲೋಟ ಎತ್ತಿಕೊಂಡರು.

ಮೂರು ತಿಂಗಳ ಮೇಲೆ ಅವರ ಪತ್ನಿ ಗುರುಗಳ ಮನೆಯ ಬಾಗಿಲಿಗೆ ಬಂದರು. ಗಂಡನ ಡ್ರೈವರ್ ಕೆಲಸ ಹೋಗಿತ್ತು, ಮಕ್ಕಳ ಶಾಲಾ ಶುಲ್ಕ ಕಟ್ಟಿರಲಿಲ್ಲ. ಅವರು ಬೈಯಲಿಲ್ಲ, ಅಳಲೂ ಇಲ್ಲ. ಹೋಗುವಾಗ ಒಂದೇ ಮಾತು ಹೇಳಿದರು: "ಆವತ್ತು ನೀವೂ ಅಲ್ಲೇ ಇದ್ದಿರಲ್ಲ, ಫಾದರ್."

ಮರುವರ್ಷ ಹಬ್ಬದ ಸಮಿತಿಯ ಸಭೆಯಲ್ಲಿ, ಹಬ್ಬದ ಊಟದಲ್ಲಿ ಮದ್ಯ ಬೇಡವೆಂದು ನಾವು ಪ್ರಸ್ತಾಪಿಸಿದೆವು. ಆಗ ಹಿರಿಯರೊಬ್ಬರು ವಿನಯದಿಂದಲೇ ಹೇಳಿದರು: "ಕುಡಿಯೋದು ಬಿಡೋದು ಅವರವರ ವೈಯಕ್ತಿಕ ಅಭಿಪ್ರಾಯ ಫಾದರ್. ನೀವು ಪ್ರಬೋಧನೆ ಮಾಡಿ, ಇದರಲ್ಲಿ ತಲೆ ಹಾಕಬೇಡಿ." ಆ ಮಾತು ಪೂರ್ತಿ ತಪ್ಪಲ್ಲ. ಅದಕ್ಕೆ ಗೌರವದಿಂದ ಉತ್ತರ ಕೊಡಬೇಕು. ಈ ಲೇಖನ ಆ ಉತ್ತರದ ಪ್ರಯತ್ನ.

ಧರ್ಮಸಭೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ದ್ರಾಕ್ಷಾರಸ ಕುಡಿಯುವುದೇ ಪಾಪವೆಂದು ಕಥೋಲಿಕ ಧರ್ಮಸಭೆ ಎಂದೂ ಬೋಧಿಸಿಲ್ಲ. ಪವಿತ್ರ ಗ್ರಂಥ ದ್ರಾಕ್ಷಾರಸವನ್ನು ದೇವರ ವರವೆಂದೇ ಕಾಣುತ್ತದೆ. ಸಂತ ಪೌಲರು ತಿಮೊಥೇಯನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ಸೇವಿಸಲು ಸಲಹೆ ಕೊಟ್ಟದ್ದು ನಿಮಗೆ ಗೊತ್ತು. ಗುರುಮಠದಲ್ಲಿ ಓದುವಾಗ ನಮ್ಮ ಗೆಳೆಯರಿಗೆಲ್ಲ ಬಾಯಿಪಾಠವಾಗಿದ್ದ ಏಕೈಕ ವೈದ್ಯಕೀಯ ಸಲಹೆ ಅದೇ!

ಶುಭಸಂದೇಶದಲ್ಲಿ ಇನ್ನೊಂದು ಚಿತ್ರವೂ ಇದೆ. ಸ್ನಾನಿಕ ಯೊವಾನ್ನರು ಹುಟ್ಟುವ ಮೊದಲೇ, ಈ ಮಗು ದ್ರಾಕ್ಷಾರಸವನ್ನಾಗಲಿ ಮದ್ಯವನ್ನಾಗಲಿ ಮುಟ್ಟುವುದಿಲ್ಲವೆಂದು ದೇವದೂತನು ಜಕರೀಯನಿಗೆ ತಿಳಿಸಿದನು. ಯೇಸುಸ್ವಾಮಿಯಾದರೋ ಎಲ್ಲರ ಮನೆಯಲ್ಲೂ ಉಂಡರು, ಕುಡಿದರು. ಜನರು ಇಬ್ಬರನ್ನೂ ಬಿಡಲಿಲ್ಲ. ಮುಟ್ಟದವನಿಗೆ ದೆವ್ವ ಹಿಡಿದಿದೆಯೆಂದರು, ಮುಟ್ಟಿದವರನ್ನು ಕುಡುಕನೆಂದರು. ಇಬ್ಬರೂ ದೇವರ ಚಿತ್ತವನ್ನೇ ಮಾಡುತ್ತಿದ್ದರು. ಆದ್ದರಿಂದ ಕುಡಿಯದವರು ಕುಡಿಯುವವರನ್ನು ಪಾಪಿಗಳೆಂದು ನೋಡುವುದೂ ಸರಿಯಲ್ಲ, ಕುಡಿಯುವವರು ಕುಡಿಯದವರನ್ನು 'ಇವನೇನು ದೊಡ್ಡ ಸಂತ' ಎಂದು ಹಂಗಿಸುವುದೂ ಸರಿಯಲ್ಲ. ಇಷ್ಟರ ಮಟ್ಟಿಗೆ ಇದು ವೈಯಕ್ತಿಕ ಅಭಿಪ್ರಾಯವೇ.

ಆದರೆ ಅಮಲೇರುವಷ್ಟು ಕುಡಿಯುವುದು ಅಭಿಪ್ರಾಯದ ಮಾತಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಈ ವಿಷಯವನ್ನು ಐದನೆಯ ಕಟ್ಟಳೆಯ ಕೆಳಗೆ, ಅಂದರೆ ಕೊಲೆ ಮಾಡಬಾರದೆಂಬ ಕಟ್ಟಳೆಯ ವಿವರಣೆಯಲ್ಲಿ ಇಟ್ಟಿದೆ. ಊಟ, ಮದ್ಯ, ತಂಬಾಕು, ಔಷಧಿ ಎಲ್ಲದರಲ್ಲೂ ಅತಿಯನ್ನು ತ್ಯಜಿಸಬೇಕೆಂದು ಅದು ಹೇಳುತ್ತದೆ. ಕುಡಿದ ಅಮಲಿನಲ್ಲಿ ರಸ್ತೆಯ ಮೇಲೆ ತನ್ನ ಮತ್ತು ಇತರರ ಪ್ರಾಣಕ್ಕೆ ಅಪಾಯ ತರುವವನು ಗಂಭೀರ ಅಪರಾಧಿ ಎಂದೂ ಸೇರಿಸುತ್ತದೆ. ಪಾಪನಿವೇದನೆಗೆ ಸಿದ್ಧರಾಗುವಾಗ 'ನಾನು ಯಾರನ್ನೂ ಕೊಂದಿಲ್ಲ' ಎಂದು ಐದನೆಯ ಕಟ್ಟಳೆಯನ್ನು ದಾಟಿಬಿಡುವವರು ಇಲ್ಲಿ ಸ್ವಲ್ಪ ನಿಲ್ಲಬೇಕು.

ಇನ್ನು ಕಾನಾ ಊರಿನ ಮದುವೆ. ಆರು ಕಲ್ಲಿನ ಬಾನೆಗಳು, ಇಂದಿನ ಲೆಕ್ಕದಲ್ಲಿ ಸುಮಾರು 500ರಿಂದ 700 ಲೀಟರ್. ಆ ಕಾಲದ ಯೆಹೂದ್ಯರ ಮದುವೆ ಹಲವು ದಿನ ನಡೆಯುತ್ತಿತ್ತು, ಊರಿಗೆ ಊರೇ ಬರುತ್ತಿತ್ತು. ಮಾತೆ ಮರಿಯಮ್ಮನವರು ಅಲ್ಲಿ ಕಂಡದ್ದು ಒಂದು ಮನೆಯ ಮಾನ ಹೋಗುವ ಸಂಕಟವನ್ನು. ಕಾನಾದಲ್ಲಿ ದ್ರಾಕ್ಷಾರಸ ಒಂದು ಮನೆಯ ಮಾನ ಉಳಿಸಿತು. ಅದೇ ಸೂಚಕ ಕಾರ್ಯದ ಹೆಸರು ಹೇಳಿ ನಾವು ಆ ಹಬ್ಬದ ದಿನ ಇನ್ನೊಂದು ಮನೆಯ ಮಾನ ಕಳೆದೆವು.

ದೇಹಕ್ಕೆ ಅಭಿಪ್ರಾಯ ಗೊತ್ತಿಲ್ಲ

ಆರೋಗ್ಯದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಕೇಳಿಬರುವ ಅಭಿಪ್ರಾಯಗಳು ಹಲವು. ಬಿಯರ್ ಎಂದರೆ ಬಾರ್ಲಿ ನೀರು. ಮನೆಯಲ್ಲಿ ಮಾಡಿದ ವೈನ್ ಔಷಧಿ. ದಿನಕ್ಕೊಂದು ಪೆಗ್ ಹೃದಯಕ್ಕೆ ಒಳ್ಳೆಯದು. ಶೀತಕ್ಕೆ ರಮ್ ಬೇಕು.

ಒಂದು ಚಿಕ್ಕ ಲೆಕ್ಕ ಮಾಡೋಣ. 30 ಮಿಲಿಲೀಟರಿನ ಒಂದು ಪೆಗ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಮದ್ಯಸಾರ ಇರುತ್ತದೆ. ಶೇಕಡಾ 8 ಮದ್ಯಸಾರವಿರುವ 650 ಮಿಲಿಲೀಟರಿನ 'ಸ್ಟ್ರಾಂಗ್' ಬಿಯರ್ ಬಾಟಲಿಯಲ್ಲಿ ಇರುವುದು ಸುಮಾರು 41 ಗ್ರಾಂ. ಅಂದರೆ ಆ ಒಂದು ಬಾರ್ಲಿ ನೀರಿನ ಬಾಟಲಿ ನಾಲ್ಕು ಪೆಗ್ ವಿಸ್ಕಿಗೆ ಸಮ. ಲಿವರಿಗೆ ಬಂದು ತಲುಪುವುದು ಗ್ರಾಂ ಮಾತ್ರ, ಬಾಟಲಿಯ ಮೇಲಿನ ಹೆಸರಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮದ್ಯವನ್ನು 1988ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಲಿವರ್, ದೊಡ್ಡ ಕರುಳು, ಹೆಂಗಸರಲ್ಲಿ ಸ್ತನ, ಹೀಗೆ ಏಳು ಬಗೆಯ ಕ್ಯಾನ್ಸರ್‌ಗಳಿಗೆ ಮದ್ಯದ ನಂಟು ಸ್ಥಿರಪಟ್ಟಿದೆ. ಇಷ್ಟು ಕುಡಿದರೆ ಯಾವ ಅಪಾಯವೂ ಇಲ್ಲ ಎನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದರ 2024ರ ವರದಿಯ ಪ್ರಕಾರ 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 26 ಲಕ್ಷ ಜನರ ಸಾವಿಗೆ ಮದ್ಯ ಕಾರಣವಾಯಿತು.

ಇಲ್ಲಿ ಮನೆಯವರು ಕಡ್ಡಾಯವಾಗಿ ತಿಳಿದಿರಬೇಕಾದ ಒಂದು ವಿಷಯವಿದೆ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಾಪಾಯವಾಗಬಹುದು. ಮೊದಲ ದಿನ ಕೈ ನಡುಕ, ಬೆವರು, ನಿದ್ರೆ ಇಲ್ಲದಿರುವುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನಗಳ ಒಳಗೆ ಕೆಲವರಿಗೆ ಇಲ್ಲದ್ದು ಕಾಣುವುದು, ಮಾತು ತಪ್ಪುವುದು, ಜ್ವರ. ಕೆಲವು ಮನೆಗಳಲ್ಲಿ ಇದನ್ನು ದೆವ್ವದ ಕಾಟವೆಂದು ಪ್ರಾರ್ಥನೆಗೆ ಕರೆತರುತ್ತಾರೆ. ನಾವು ಪ್ರಾರ್ಥಿಸುತ್ತೇವೆ, ಆದರೆ ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಪಸ್ಸುಕಾಲದ ಮೊದಲ ದಿನ ಹಣೆಗೆ ಬೂದಿ ಹಚ್ಚಿಸಿಕೊಂಡು 'ಇವತ್ತಿನಿಂದ ಬಂದ್' ಎನ್ನುವ ವರ್ಷಗಳ ಕುಡಿತದವರು ಡಾಕ್ಟರನ್ನು ಕಂಡೇ ಬಂದ್ ಮಾಡಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವಿದೆ. ಕೇಂದ್ರ ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಸಲಹೆ ಕೇಳಬಹುದು.

ಸರ್ಕಾರ, ಸುಂಕ ಮತ್ತು ನಮ್ಮ ಮತ

ರಾಜಕೀಯದ ಮಾತು ಬಂದರೆ, ಮದ್ಯ ನಿಷೇಧ ಬೇಕೇ ಬೇಡವೇ ಎಂಬುದರಲ್ಲಿ ಒಳ್ಳೆಯ ಕ್ರೈಸ್ತರ ನಡುವೆಯೂ ಭಿನ್ನಾಭಿಪ್ರಾಯವಿದೆ. ಅದು ಇರಬಹುದು. ಸಂವಿಧಾನದ 47ನೆಯ ವಿಧಿ ಮದ್ಯ ನಿಷೇಧಕ್ಕೆ ಪ್ರಯತ್ನಿಸಬೇಕೆಂದು ಸರ್ಕಾರಗಳಿಗೆ ಹೇಳುತ್ತದೆ. ಆದರೆ ಅದು ನಿರ್ದೇಶಕ ತತ್ವ, ನ್ಯಾಯಾಲಯದ ಮೂಲಕ ಜಾರಿ ಮಾಡಿಸುವಂಥದ್ದಲ್ಲ. ಕುಡಿಯುವ ಮದ್ಯ ಜಿಎಸ್‌ಟಿಯಿಂದ ಹೊರಗಿದೆ, ಅದರ ಸುಂಕ ರಾಜ್ಯಗಳದು. ಕರ್ನಾಟಕದ 2025-26ರ ಆಯವ್ಯಯದಲ್ಲಿ ಅಬಕಾರಿ ಆದಾಯದ ಗುರಿ 40,000 ಕೋಟಿ ರೂಪಾಯಿ. ಯಾವ ಪಕ್ಷದ ಸರ್ಕಾರ ಬಂದರೂ ಈ ಆದಾಯವನ್ನು ಬಿಟ್ಟುಕೊಡಲು ಏಕೆ ಹಿಂಜರಿಯುತ್ತದೆ ಎಂಬುದು ಇದರಲ್ಲೇ ತಿಳಿಯುತ್ತದೆ.

ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಎಷ್ಟೋ ಹೆಣ್ಣುಮಕ್ಕಳು ಅಂದು ದೇವರಿಗೆ ಕೃತಜ್ಞತೆ ಸಲ್ಲಿಸಿದರು. ಆದರೆ ಪ್ಯಾಕೆಟ್ ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ ಬಂದವು. ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ತಮಿಳುನಾಡಿನ ಕೃಷ್ಣಗಿರಿ ಭಾಗದಲ್ಲಿ ಕಳ್ಳಭಟ್ಟಿ ಕುಡಿದು 150ಕ್ಕೂ ಹೆಚ್ಚು ಜನ ಸತ್ತರು. 2016ರಿಂದ ಪೂರ್ಣ ನಿಷೇಧವಿರುವ ಬಿಹಾರದಲ್ಲೂ 2022ರ ಡಿಸೆಂಬರಿನಲ್ಲಿ ಸಾರಣ್ ಜಿಲ್ಲೆಯಲ್ಲಿ ವಿಷಮದ್ಯದಿಂದ ಹಲವಾರು ಬಡವರು ಪ್ರಾಣ ಕಳೆದುಕೊಂಡರು. ಕಾನೂನು ಅಂಗಡಿಯ ಬಾಗಿಲು ಮುಚ್ಚಬಲ್ಲದು. ಬಾಯಾರಿಕೆಯನ್ನೂ ಬಡತನವನ್ನೂ ಅದೊಂದೇ ಗುಣಪಡಿಸಲಾರದು. ಹಾಗೆಂದು ಕಾನೂನೇ ಬೇಡವೆನ್ನುವುದೂ ತಪ್ಪು. 2019ರ ಜನವರಿಯಲ್ಲಿ ರಾಯಚೂರು ಮುಂತಾದ ಜಿಲ್ಲೆಗಳ ಬಡ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಬಂದರು. ಕೂಲಿ ಬಿಟ್ಟು, ಚಳಿಯಲ್ಲಿ ಇನ್ನೂರು ಕಿಲೋಮೀಟರ್ ನಡೆಯುವವರ ಮಾತನ್ನು 'ಅದು ಅವರ ಅಭಿಪ್ರಾಯ' ಎಂದು ತಳ್ಳಿಹಾಕಲಾಗದು. ಅವರು ತಂದದ್ದು ಸಾಕ್ಷಿ.

ಯಾರಿಗೆ ಮತ ಹಾಕಬೇಕೆಂದು ನಾವು ಪೀಠದಿಂದ ಹೇಳುವುದಿಲ್ಲ, ಹೇಳಲೂಬಾರದು. ಆದರೆ ಒಂದು ಮಾತು ಹೇಳಲೇಬೇಕು. ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಮದ್ಯ ಮಾರಬಾರದೆಂದು ಚುನಾವಣಾ ಕಾನೂನೇ ಹೇಳುತ್ತದೆ. ಆ ಎರಡು ದಿನಗಳಿಗೆ ಮೊದಲೇ ಬಾಟಲಿಗಳು ಓಣಿಗಳನ್ನು ತಲುಪಿರುತ್ತವೆ. ಆ ಬಾಟಲಿ ತೆಗೆದುಕೊಂಡು 'ನನ್ನ ಮತ ನನ್ನ ಅಭಿಪ್ರಾಯ' ಎನ್ನುವವನ ಅಭಿಪ್ರಾಯ ಆಗಲೇ ಮಾರಾಟವಾಗಿದೆ.

ನಮ್ಮ ರೂಢಿ

ಸರ್ಕಾರವನ್ನು ದೂರುವುದು ಸುಲಭ. ನಮ್ಮ ಮೇಜಿನ ಕಡೆ ನೋಡುವುದು ಕಷ್ಟ. ಹಳೆಯ ಸಿನಿಮಾಗಳಲ್ಲಿ ಕ್ರೈಸ್ತ ಪಾತ್ರವೆಂದರೆ ಕೈಯಲ್ಲಿ ಬಾಟಲಿ ಇರಲೇಬೇಕಿತ್ತು. ಅದನ್ನು ನೋಡಿ ನಮಗೆಲ್ಲ ಬೇಸರವಾಗುತ್ತಿತ್ತು. ಆದರೆ ಸ್ನಾನದೀಕ್ಷೆಗೆ ಒಂದು, ಮದುವೆ ಗೊತ್ತಾದುದಕ್ಕೆ ಒಂದು, ಮನೆ ಆಶೀರ್ವಾದಕ್ಕೆ ಒಂದು, ಸಮಾಧಿ ಮುಗಿಸಿ ಬಂದ ದಿನವೂ ಒಂದು ಎಂದು ಲೆಕ್ಕ ಹಾಕಿದರೆ, ಆ ಸಿನಿಮಾದವರನ್ನು ಬೈಯುವ ಧೈರ್ಯ ಉಳಿಯುತ್ತದೆಯೇ? ಕೊಡದಿದ್ದರೆ ಮರ್ಯಾದೆ ಅಲ್ಲ ಎಂದು ಸಾಲ ಮಾಡಿ ಬಾಟಲಿ ತರಿಸುವ ಮನೆಗಳು ನಮ್ಮ ನಡುವೆ ಇವೆ.

'ಎಲ್ಲರೂ ಕುಡಿಯುತ್ತಾರೆ' ಎಂಬುದೂ ನಿಜವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ಕುಡಿಯುವವರು ಸುಮಾರು ಶೇಕಡಾ 19, ಹೆಂಗಸರಲ್ಲಿ ಶೇಕಡಾ 1. ಅಂದರೆ ಐವರು ಗಂಡಸರಲ್ಲಿ ನಾಲ್ವರು ಮುಟ್ಟುವುದಿಲ್ಲ. ಆ ನಾಲ್ವರಿಗೂ ನಮ್ಮ ಹಬ್ಬಗಳಲ್ಲಿ ಮುಜುಗರವಿಲ್ಲದೆ ಕೂರಲು ಒಂದು ಕುರ್ಚಿ ಬೇಕಲ್ಲವೇ?

ರೋಮಿನ ಕ್ರೈಸ್ತರ ಜಗಳ

ಅಭಿಪ್ರಾಯ ಭೇದ ಹೊಸದಲ್ಲ. ಸಂತ ಪೌಲರು ರೋಮಿನ ಕ್ರೈಸ್ತರಿಗೆ ಪತ್ರ ಬರೆಯುವಾಗ ಅಲ್ಲಿ ಊಟದ ವಿಷಯಕ್ಕೇ ಜಗಳವಾಗಿತ್ತು. ಕೆಲವರು ಎಲ್ಲವನ್ನೂ ತಿನ್ನಬಹುದೆಂದರು, ಕೆಲವರು ಸೊಪ್ಪು ತರಕಾರಿ ಮಾತ್ರವೆಂದರು. ಪತ್ರದ 14ನೆಯ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ಓದಿ ನೋಡಿ. ಪೌಲರು ಯಾರ ಅಭಿಪ್ರಾಯವನ್ನೂ ತಳ್ಳಿಹಾಕುವುದಿಲ್ಲ. ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಳ್ಳಲಿ, ಒಬ್ಬರು ಇನ್ನೊಬ್ಬರ ನ್ಯಾಯಾಧಿಪತಿಗಳಾಗದಿರಲಿ ಎನ್ನುತ್ತಾರೆ. ಆಮೇಲೆ ಮಾತಿನ ದಿಕ್ಕು ತಿರುಗುತ್ತದೆ. ನಿನ್ನ ಊಟ ನಿನ್ನ ಸಹೋದರನನ್ನು ಬೀಳಿಸುವುದಾದರೆ, ಯಾರಿಗಾಗಿ ಕ್ರಿಸ್ತರು ಪ್ರಾಣ ಕೊಟ್ಟರೋ ಅವನನ್ನು ಒಂದು ತುತ್ತಿಗಾಗಿ ಹಾಳು ಮಾಡಬೇಡ ಎನ್ನುತ್ತಾರೆ. ಮಾಂಸವನ್ನಷ್ಟೇ ಅಲ್ಲ, ದ್ರಾಕ್ಷಾರಸವನ್ನೂ ಅಲ್ಲಿ ಹೆಸರಿಸುತ್ತಾರೆ.

ನಮ್ಮ ಹಿರಿಯರ ಮಾತಿಗೆ ಉತ್ತರ ಇಲ್ಲಿದೆ. ಅಭಿಪ್ರಾಯ ನಮ್ಮದು, ಸರಿ. ಆದರೆ ಅದರ ಬೆಲೆಯನ್ನು ಇನ್ನೊಬ್ಬರು ತೆರುವ ಜಾಗ ಬಂದಾಗ ಅದು ನಮ್ಮೊಬ್ಬರ ವಿಷಯವಾಗಿ ಉಳಿಯುವುದಿಲ್ಲ.

ಧರ್ಮಸಭೆ ಇದನ್ನು ಬಲಿಪೀಠದ ಮೇಲೆಯೇ ನಡೆಸಿ ತೋರಿಸಿದೆ. ಬಲಿಪೂಜೆಗೆ ದ್ರಾಕ್ಷಿಯಿಂದ ಮಾಡಿದ, ಕೆಡದ, ಶುದ್ಧ ದ್ರಾಕ್ಷಾರಸವೇ ಬೇಕೆಂಬುದು ನಿಯಮ. ಇದರಲ್ಲಿ ರಾಜಿ ಇಲ್ಲ. ಆದರೂ ಮದ್ಯವ್ಯಸನದಿಂದ ಹೊರಬಂದ ಒಬ್ಬ ಗುರುವಿಗೆ ಪಾನಪಾತ್ರೆಯ ಒಂದು ಗುಟುಕೂ ಅಪಾಯವಾಗಬಹುದು. ಅಂತಹವರು ಧರ್ಮಾಧ್ಯಕ್ಷರ ಅನುಮತಿ ಪಡೆದು, ಹುಳಿಯುವಿಕೆಯನ್ನು ತಡೆದ, ಅಮಲಿಲ್ಲದ ಶುದ್ಧ ದ್ರಾಕ್ಷಿ ರಸವನ್ನು ಬಳಸಬಹುದೆಂದು ರೋಮಿನ ವಿಶ್ವಾಸ ಸಿದ್ಧಾಂತ ಪರಿಷತ್ತು 2003ರ ಜುಲೈ ತಿಂಗಳ ಪತ್ರದಲ್ಲಿ ತಿಳಿಸಿತು. ಅತ್ಯಂತ ಪವಿತ್ರವಾದ ಬಲಿಪೀಠದಲ್ಲೇ ಒಬ್ಬ ದುರ್ಬಲ ಸಹೋದರನಿಗಾಗಿ ಜಾಗ ಮಾಡಲಾಗಿದೆ. ನಮ್ಮ ಹಬ್ಬದ ಊಟದ ಮೇಜು ಬಲಿಪೀಠಕ್ಕಿಂತ ಕಟ್ಟುನಿಟ್ಟಾಗಿರಬೇಕೇ?

ಯಾರೂ ಕುಡಿಸದ ಸಂಜೆ

ಐರ್ಲೆಂಡಿನ ಡಬ್ಲಿನ್ ನಗರದಲ್ಲಿ 1856ರಲ್ಲಿ ಹುಟ್ಟಿದ ಮ್ಯಾಟ್ ಟಾಲ್ಬಟ್ ಒಬ್ಬ ಕೂಲಿಯಾಳು. 12ನೆಯ ವಯಸ್ಸಿಗೇ ಕುಡಿತ ಅಂಟಿಕೊಂಡಿತು. ಒಮ್ಮೆ ಬೀದಿಯಲ್ಲಿ ಪಿಟೀಲು ನುಡಿಸಿ ಬದುಕುವವನೊಬ್ಬನ ಪಿಟೀಲನ್ನೇ ಕದ್ದು ಮಾರಿ ಕುಡಿದದ್ದೂ ಉಂಟು. 1884ರಲ್ಲಿ, 28ನೆಯ ವಯಸ್ಸಿನಲ್ಲಿ, ಒಂದು ವಾರ ಕೆಲಸವಿಲ್ಲದೆ ಕೈ ಬರಿದಾಗಿತ್ತು. ಸಂಬಳದ ಶನಿವಾರ ಹೆಂಡದಂಗಡಿಯ ಹೊರಗೆ ಗೆಳೆಯರಿಗಾಗಿ ಕಾದು ನಿಂತ. ಯಾರಾದರೂ ಕರೆದು ಕುಡಿಸುತ್ತಾರೆಂದುಕೊಂಡ. ಒಬ್ಬೊಬ್ಬರಾಗಿ ಒಳಗೆ ಹೋದರು, ಯಾರೂ ಕರೆಯಲಿಲ್ಲ. ಮನಸ್ಸು ನೊಂದು ಮನೆಗೆ ಹೋಗಿ, ಕುಡಿತ ಬಿಡುವ ಪ್ರತಿಜ್ಞೆ ಮಾಡುತ್ತೇನೆಂದು ತಾಯಿಗೆ ಹೇಳಿದ. ಮೊದಲು ಮೂರು ತಿಂಗಳಿಗೆ ಮಾತ್ರ. ಆಮೇಲೆ ಜೀವನಪರ್ಯಂತ. ಪಿಟೀಲಿನವನನ್ನು ಹುಡುಕಿ ಅಲೆದ, ಸಿಗಲಿಲ್ಲ. ಅವನ ಹೆಸರಿನಲ್ಲಿ ಪೂಜೆಗಳಿಗೆ ಹಣ ಕೊಟ್ಟ. 41 ವರ್ಷ ಒಂದು ಹನಿ ಮುಟ್ಟದೆ, 1925ರಲ್ಲಿ ಪೂಜೆಗೆ ಹೋಗುವ ದಾರಿಯಲ್ಲಿ ಕುಸಿದು ಪ್ರಾಣಬಿಟ್ಟರು. 1975ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಸಾರಿತು.

ಆ ಶನಿವಾರ ಒಬ್ಬ ಗೆಳೆಯ 'ಬಾರಪ್ಪ, ಒಂದು ಲೋಟ' ಎಂದಿದ್ದರೆ? ಡಬ್ಲಿನ್‌ನ ಗೆಳೆಯರು ಕೊಡದೆ ಹೋದದ್ದು ಪ್ರೀತಿಯಿಂದಲ್ಲ, ಆದರೂ ಒಬ್ಬ ಮನುಷ್ಯ ಉಳಿದ. ನಾವು ಪ್ರೀತಿಯಿಂದಲೇ ಕೊಡದೆ ಇರಬಹುದಲ್ಲ.

ಈ ಹಬ್ಬಕ್ಕೆ

ಪ್ರಿಯರೇ, ನಿಮ್ಮ ಮನೆಯ ಕಪಾಟನ್ನು ನಾವು ತೆರೆದು ನೋಡುವುದಿಲ್ಲ. ಕೇಳಿಕೊಳ್ಳುವುದು ಮೂರೇ. ಧರ್ಮಕೇಂದ್ರದ ಹೆಸರಿನಲ್ಲಿ, ಚರ್ಚಿನ ಆವರಣದಲ್ಲಿ ನಡೆಯುವ ಹಬ್ಬದ ಊಟದಲ್ಲಿ ಮದ್ಯ ಬೇಡ. ಮನೆಯ ಊಟದಲ್ಲಿ ಯಾರಾದರೂ ಬೇಡವೆಂದು ಕೈ ಅಡ್ಡ ಹಿಡಿದರೆ ಎರಡನೆಯ ಸಲ ಒತ್ತಾಯಿಸಬೇಡಿ, ಕಾರಣವನ್ನೂ ಕೇಳಬೇಡಿ. ಮನೆಯಲ್ಲಿ ಕುಡಿತದ ಕಷ್ಟವಿರುವವರು ನಾಚಿಕೆಯಿಂದ ಮುಚ್ಚಿಡದೆ ನಮ್ಮ ಬಳಿ ಬನ್ನಿ. 1935ರಲ್ಲಿ ಆರಂಭವಾದ ಮದ್ಯವ್ಯಸನಿಗಳ ಅನಾಮಿಕ ಸಂಘದ ಗುಂಪುಗಳು ಲೋಕದಾದ್ಯಂತ ಇದೇ ಕೆಲಸ ಮಾಡುತ್ತಿವೆ. ಅಂತಹ ಸಭೆಗಳಿಗೆ ಜೊತೆಯಾಗಿ ಹೋಗೋಣ.

ಆ ಸಹೋದರರ ಮನೆಗೆ ನಾವು ಆಮೇಲೆ ಹೋದೆವು. ಅಂದು ನಕ್ಕದ್ದಕ್ಕಾಗಿ ಗಂಡಹೆಂಡತಿ ಇಬ್ಬರ ಕ್ಷಮೆ ಕೇಳಿದೆವು. ಅವರು ಚಿಕಿತ್ಸೆಗೆ ಹೋದರು, ನಿಲ್ಲಿಸಿದರು, ಮತ್ತೊಮ್ಮೆ ಬಿದ್ದರು, ಮತ್ತೆ ಎದ್ದರು. ಈಗ ಹೇಗಿದ್ದಾರೆಂದು ಯಾರಾದರೂ ಕೇಳಿದರೆ ಅವರ ಪತ್ನಿ ಕೊಡುವ ಉತ್ತರ ಒಂದೇ: "ಇವತ್ತು ಕುಡಿದಿಲ್ಲ."

ಆ 'ಇವತ್ತು' ನಮ್ಮ ಹಬ್ಬದ ದಿನವೂ ಆಗಿರಲಿ. ಕಾನಾದ ಮನೆಯ ಕೊರತೆಯನ್ನು ಮೊದಲು ಕಂಡ ಮಾತೆ ಮರಿಯಮ್ಮನವರು ನಮ್ಮ ಮೇಜಿನಲ್ಲಿ ಕುಳಿತವರ ಸಂಕಟವನ್ನು ಕಾಣುವ ಕಣ್ಣನ್ನು ನಮಗೆ ಬೇಡಿ ಕೊಡಲಿ. ನಿಮಗೆಲ್ಲರಿಗೂ ಹಬ್ಬದ ಶುಭಾಶಯಗಳು.